ತರಿ ಹೋಯಿತು, ಚುಕ್ಕೆ ಬಂತು: ಪಾಲಿಥೀನ್ ಫಿಲ್ಮಿನ ಒಂದು ಪ್ರಕರಣ

ರೋಲಿನಿಂದ ಒಂದು ಮೀಟರ್ ಫಿಲ್ಮ್ ಎಳೆದು ಬೆಳಕಿಗೆ ಹಿಡಿದೆವು. ಉದ್ದಕ್ಕೂ ಮಂಕು ಪಟ್ಟಿಗಳು. ಮೇಲೆ ಬೆರಳಾಡಿಸಿದರೆ ಸವೆದ ಉಪ್ಪುಕಾಗದದ ಹಾಗೆ ತರಿತರಿ. ಇದು ನಮ್ಮ ಮೊದಲ ದೂರು. ಇದನ್ನು ಹತೋಟಿಗೆ ತಂದ ಹತ್ತು ದಿನಕ್ಕೆ ಎರಡನೇ ದೂರು ಬಂತು: ಫಿಲ್ಮಿನ ತುಂಬ ಚುಕ್ಕೆ. ಎರಡೂ ಬೇರೆ ಬೇರೆ ಸಮಸ್ಯೆ ಎಂದೇ ನಾವು ಅಂದುಕೊಂಡಿದ್ದೆವು. ಮೊದಲನೆಯದಕ್ಕೆ ನಾವು ಕೊಟ್ಟ ಮದ್ದೇ ಎರಡನೆಯದನ್ನು ತಂದಿತ್ತು ಎಂಬುದು ಗೊತ್ತಾಗುವಷ್ಟರಲ್ಲಿ ಮತ್ತೂ ಮೂರು ವಾರ ಕಳೆದಿತ್ತು.

ಆ ಮೂರು ವಾರದಲ್ಲಿ ಏನು ಮಾಡಿದೆವು, ಎಲ್ಲಿ ಎಡವಿದೆವು, ಕೊನೆಗೆ ರೆಸಿಪಿಯಲ್ಲಿ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಷೀನಿನ ರಿಪೇರಿ ಇದರಲ್ಲಿ ಕಡಿಮೆ. ಹೆಚ್ಚಿನದೆಲ್ಲ ರೆಸಿಪಿಯ ವಿಷಯ.

ಲೈನು ಹೇಗಿತ್ತು

ಒಂದೇ ಪದರದ ಬ್ಲೋನ್ ಫಿಲ್ಮ್ ಲೈನು: ಕಾಳನ್ನು ಬ್ಯಾರೆಲ್ ಎಂಬ ಬಿಸಿ ಕೊಳವೆಯಲ್ಲಿ ಕರಗಿಸಿ, ಡೈ ಎಂಬ ಉಂಗುರದಂಥ ಸಂದಿನಿಂದ ಹೊರಡಿಸಿ, ಗಾಳಿ ತುಂಬಿ ಗುಳ್ಳೆಯಂತೆ (ಬಬಲ್) ಉಬ್ಬಿಸಿ ಫಿಲ್ಮ್ ಮಾಡುವ ಮಷೀನು. 40 ಮೈಕ್ರಾನ್ ದಪ್ಪದ, ಪಾರದರ್ಶಕ ಪ್ಯಾಕಿಂಗ್ ಫಿಲ್ಮ್. ಮುಖ್ಯ ರೆಸಿನ್ (ಕಾಳಿನ ರೂಪದ ಕಚ್ಚಾ ಪ್ಲಾಸ್ಟಿಕ್) ಬ್ಯೂಟೀನ್ ಜಾತಿಯ ಎಲ್‌ಎಲ್‌ಡಿಪಿಇ, ಅಂದರೆ ಉದ್ದ ಕೊಂಬೆಗಳಿಲ್ಲದ ನೇರ ಸರಪಳಿಯ, ಕಡಿಮೆ ಸಾಂದ್ರತೆಯ ಪಾಲಿಥೀನ್. ಮೆಲ್ಟ್ ಇಂಡೆಕ್ಸ್ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) 1, ಸಾಂದ್ರತೆ 0.918. ಇದು 79.5 ಭಾಗ. ಬಬಲ್ ಅಲುಗಾಡದೆ ನಿಲ್ಲಲಿ ಎಂದು 15 ಭಾಗ ಎಲ್‌ಡಿಪಿಇ, ಅಂದರೆ ಉದ್ದ ಕೊಂಬೆಗಳಿರುವ ಹಳೆಯ ಜಾತಿಯ ಪಾಲಿಥೀನ್. ಉಳಿದದ್ದು ಮೂರು ಮಾಸ್ಟರ್‌ಬ್ಯಾಚ್, ಅಂದರೆ ಬೇಕಾದ ವಸ್ತುವನ್ನು ಮೊದಲೇ ರೆಸಿನ್‌ನಲ್ಲಿ ಬೆರೆಸಿಟ್ಟ ಕಾಳು. ಜಾರಿಕೆಗೆ ಸ್ಲಿಪ್ 2 ಭಾಗ, ಪದರಗಳು ಒಂದಕ್ಕೊಂದು ಅಂಟದಿರಲು ಆಂಟಿಬ್ಲಾಕ್ 1 ಭಾಗ, ಮತ್ತು ಫಿಲ್ಮ್ ನುಣುಪಾಗಿ ಬರಲು ಪಾಲಿಮರ್ ಪ್ರೊಸೆಸಿಂಗ್ ಏಡ್ 2.5 ಭಾಗ. ಈ ಕೊನೆಯದನ್ನು ಎಲ್ಲರೂ ಪಿಪಿಎ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಪಿಪಿಎ ಮಾಸ್ಟರ್‌ಬ್ಯಾಚ್‌ನಲ್ಲಿ ಅಸಲಿ ವಸ್ತು ಇರುವುದು ಶೇಕಡಾ 2 ಮಾತ್ರ. ಹಾಗಾಗಿ 2.5 ಭಾಗ ಹಾಕಿದರೆ ಫಿಲ್ಮಿನಲ್ಲಿ ಸಿಗುವುದು 500 ಪಿಪಿಎಂ (ಹತ್ತು ಲಕ್ಷದಲ್ಲಿ 500 ಪಾಲು). ಆಂಟಿಬ್ಲಾಕ್‌ನಲ್ಲಿ ಶೇಕಡಾ 10 ಸಿಲಿಕಾ ಇತ್ತು, ಅಂದರೆ 1 ಭಾಗಕ್ಕೆ 1000 ಪಿಪಿಎಂ. ಈ ಲೆಕ್ಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮಷೀನಿನ ಹತ್ತಿರ ಎಲ್ಲರೂ ಮಾತಾಡುವುದು ಮಾಸ್ಟರ್‌ಬ್ಯಾಚಿನ ಶೇಕಡಾದಲ್ಲಿ. "ಅರ್ಧ ಪರ್ಸೆಂಟ್ ಜಾಸ್ತಿ ಮಾಡಿದೆ" ಎಂದರೆ ಒಳಗಿನ ವಸ್ತು ಎಷ್ಟು ಹೆಚ್ಚಾಯಿತು ಎಂಬುದು ಯಾರ ತಲೆಯಲ್ಲೂ ಇರುವುದಿಲ್ಲ.

ಇನ್ನೊಂದು ವಿಷಯವಿದೆ. ಈ ಮಷೀನು ಎಲ್‌ಡಿಪಿಇ ಕಾಲದ್ದು. ಡೈ ವ್ಯಾಸ 200 ಮಿಲಿಮೀಟರ್, ತುಟಿಗಳ ನಡುವಿನ ಸಂದು 1 ಮಿಲಿಮೀಟರ್. ಎಲ್‌ಡಿಪಿಇಗೆ ಇದು ಸರಿ. ಎಲ್‌ಎಲ್‌ಡಿಪಿಇಗೆ ಇದು ಬಿಗಿ ಅಂಗಿ.

ಎಷ್ಟು ಬಿಗಿ? ಸಂದಿನಲ್ಲಿ ಕರಗು (ಕರಗಿದ ಪ್ಲಾಸ್ಟಿಕ್) ಎಷ್ಟು ವೇಗವಾಗಿ ಉಜ್ಜಿಕೊಂಡು ಹೋಗುತ್ತದೆ ಎಂಬುದನ್ನು ಒಂದು ಸರಳ ಸೂತ್ರದಲ್ಲಿ ಅಂದಾಜು ಮಾಡಬಹುದು. ಸೆಕೆಂಡಿಗೆ ಹರಿಯುವ ಗಾತ್ರವನ್ನು 6ರಿಂದ ಗುಣಿಸಬೇಕು. ಅದನ್ನು ಡೈ ಸುತ್ತಳತೆ ಮತ್ತು ಸಂದಿನ ವರ್ಗದ ಗುಣಲಬ್ಧದಿಂದ ಭಾಗಿಸಬೇಕು. ಗಂಟೆಗೆ 120 ಕಿಲೋ ಓಡಿಸಿದರೆ, ಕರಗಿನ ಸಾಂದ್ರತೆ 0.76 ಎಂದು ಹಿಡಿದರೆ, ಸೆಕೆಂಡಿಗೆ ಸುಮಾರು 44 ಘನ ಸೆಂಟಿಮೀಟರ್. ಸುತ್ತಳತೆ 62.8 ಸೆಂಟಿಮೀಟರ್. ಉತ್ತರ ಸೆಕೆಂಡಿಗೆ 420ರ ಹತ್ತಿರ. ಅದೇ ಡೈನಲ್ಲಿ ಸಂದು 1.8 ಮಿಲಿಮೀಟರ್ ಇದ್ದಿದ್ದರೆ ಉತ್ತರ 130ರ ಆಸುಪಾಸು ಬರುತ್ತಿತ್ತು. ಸಂದಿನ ವರ್ಗ ಭಾಗಾಕಾರದಲ್ಲಿ ಇರುವುದರಿಂದ ಇಷ್ಟು ವ್ಯತ್ಯಾಸ.

ಡೈ ಗೋಡೆಯ ಮೇಲಿನ ಉಜ್ಜುವ ಒತ್ತಡ ಸುಮಾರು 0.1ರಿಂದ 0.2 ಮೆಗಾಪಾಸ್ಕಲ್ ದಾಟಿದರೆ ಎಲ್‌ಎಲ್‌ಡಿಪಿಇ ತರಿ ಹಿಡಿಯಲು ಶುರು ಮಾಡುತ್ತದೆ. ನಾವು ಆ ಗೆರೆಯನ್ನು ಎಂದೋ ದಾಟಿದ್ದೆವು. ಪಿಪಿಎ ಇದ್ದದ್ದರಿಂದ ಮಾತ್ರ ಫಿಲ್ಮ್ ನುಣುಪಾಗಿ ಬರುತ್ತಿತ್ತು.

ತರಿ ಯಾಕೆ ಬರುತ್ತದೆ

ಡೈ ಒಳಗೆ ಗೋಡೆಗೆ ತಾಗಿದ ಕರಗು ಗೋಡೆಗೇ ಅಂಟಿರುತ್ತದೆ, ಹೆಚ್ಚುಕಡಿಮೆ ನಿಂತೇ ಇರುತ್ತದೆ. ನಡುವಿನ ಕರಗು ಓಡುತ್ತಿರುತ್ತದೆ. ತುಟಿ ದಾಟಿದ ತಕ್ಷಣ ಹೊರಗಿನ ಪದರವೂ ಒಳಗಿನದರ ವೇಗ ಹಿಡಿಯಬೇಕು. ಒಂದೇ ಕ್ಷಣದಲ್ಲಿ ಚರ್ಮ ಹಿಗ್ಗುತ್ತದೆ. ಹಿಗ್ಗಲಾರದೆ ಸೀಳುತ್ತದೆ, ಮತ್ತೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹೀಗೆ ಸಾಲು ಸಾಲಾಗಿ ಸಣ್ಣ ಮಡಿಕೆಗಳು. ಇದಕ್ಕೆ ಶಾರ್ಕ್‌ಸ್ಕಿನ್ ಎಂಬ ಹೆಸರು ಬಂದದ್ದು ಆ ಮೀನಿನ ಒರಟು ಚರ್ಮದಿಂದ.

ಪಿಪಿಎ ಎಂದರೆ ಸಾಮಾನ್ಯವಾಗಿ ಒಂದು ಫ್ಲೋರೋಪಾಲಿಮರ್, ಅಂದರೆ ಫ್ಲೋರಿನ್ ಇರುವ ಪಾಲಿಮರ್. ಇದನ್ನು ಹೀಗೆ ಬಳಸುವ ಮೊದಲ ಪೇಟೆಂಟ್ 1964ರದ್ದು, ಡ್ಯೂಪಾಂಟ್ ಕಂಪನಿಯದು. ಇದು ಪಾಲಿಥೀನಿನಲ್ಲಿ ಕರಗುವುದಿಲ್ಲ. ಹನಿ ಹನಿಯಾಗಿ ಜೊತೆಗೆ ಸಾಗಿ, ಡೈ ಗೋಡೆಗೆ ಹತ್ತಿಕೊಂಡು ತೆಳು ಲೇಪ ಮಾಡುತ್ತದೆ. ಆ ಲೇಪದ ಮೇಲೆ ಕರಗು ಜಾರಿಕೊಂಡು ಹೋಗುತ್ತದೆ. ಚರ್ಮ ಹಿಗ್ಗುವ ಅಗತ್ಯವೇ ಇಲ್ಲ, ತರಿಯೂ ಇಲ್ಲ. ಇದು ಕೆಲಸ ಮಾಡುವುದು ಫಿಲ್ಮಿನ ಒಳಗಲ್ಲ, ಡೈ ಗೋಡೆಯ ಮೇಲೆ. ನಮ್ಮ ಕಥೆ ಪೂರ್ತಿ ಇದರ ಮೇಲೇ ನಿಂತಿದೆ.

ಏನು ಬದಲಾಗಿತ್ತು

ಆರ್ಡರ್ ಜಾಸ್ತಿಯಾಗಿ ಓಟವನ್ನು ಗಂಟೆಗೆ 90 ಕಿಲೋದಿಂದ 120ಕ್ಕೆ ಏರಿಸಿದ್ದೆವು. ಅದೇ ಹೊತ್ತಿಗೆ ಗ್ರಾಹಕರಿಂದ ಇನ್ನೊಂದು ಮಾತು ಬಂತು: ಚೀಲಗಳ ಬಾಯಿ ಸಲೀಸಾಗಿ ಬಿಡಿಸಿಕೊಳ್ಳುತ್ತಿಲ್ಲ, ಪದರ ಅಂಟುತ್ತಿದೆ. ಆಂಟಿಬ್ಲಾಕ್ 1 ಭಾಗದಿಂದ 3 ಭಾಗಕ್ಕೆ ಹೋಯಿತು. ಅಂದರೆ 3000 ಪಿಪಿಎಂ ಸಿಲಿಕಾ. ಅಷ್ಟು ಹಾಕುವುದು ಈ ಕೆಲಸದಲ್ಲಿ ಅಪರೂಪವೇನಲ್ಲ, ಯಾರೂ ಹುಬ್ಬೇರಿಸಲಿಲ್ಲ.

ಎರಡನೇ ದಿನ ತರಿ ಕಾಣಿಸಿತು. ಶಿಫ್ಟಿನವರು ತಮಗೆ ಗೊತ್ತಿದ್ದ ಕೆಲಸ ಮಾಡಿದರು, ಡೈ ಮತ್ತು ಬ್ಯಾರೆಲ್ ಬಿಸಿ ಏರಿಸಿದರು. 200 ಡಿಗ್ರಿ ಇದ್ದದ್ದು 225 ಆಯಿತು. ತರಿ ಪೂರ್ತಿ ಹೋಗಲಿಲ್ಲ, ಆದರೆ ಕಣ್ಣಿಗೆ ಸಹ್ಯವಾಯಿತು. ಎಲ್ಲರೂ ಉಸಿರು ಬಿಟ್ಟರು.

ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಎಲ್‌ಡಿಪಿಇ ಓಡಿಸಿ ಕೈ ಪಳಗಿದವರಿಗೆ ಬಿಸಿ ಏರಿಸುವುದು ನಿಜಕ್ಕೂ ಪರಿಣಾಮಕಾರಿ ಉಪಾಯ. ಎಲ್‌ಡಿಪಿಇಯ ಉದ್ದ ಕೊಂಬೆಗಳಿಂದಾಗಿ ಅದರ ಮಂದತೆ ಬಿಸಿಗೆ ಬೇಗ ಇಳಿಯುತ್ತದೆ. ಎಲ್‌ಎಲ್‌ಡಿಪಿಇ ಅಷ್ಟು ಮಣಿಯುವುದಿಲ್ಲ. 25 ಡಿಗ್ರಿ ಏರಿಸಿ ಸಿಗುವ ಲಾಭ ಸ್ವಲ್ಪವೇ. ನಷ್ಟದ ಲೆಕ್ಕ ಬೇರೆ. ಹತ್ತು ಡಿಗ್ರಿಗೆ ರಾಸಾಯನಿಕ ಕ್ರಿಯೆಯ ವೇಗ ಎರಡು ಪಟ್ಟು ಎಂಬ ಹಳೆಯ ಅಂದಾಜನ್ನು ಹಿಡಿದರೆ, 25 ಡಿಗ್ರಿಗೆ ಪಾಲಿಮರ್ ಕೆಡುವ ವೇಗ ಐದಾರು ಪಟ್ಟಾಗುತ್ತದೆ. ಸ್ವಲ್ಪ ನುಣುಪು ಕೊಂಡುಕೊಂಡು, ಅದಕ್ಕೆ ಬಹಳ ತೆತ್ತೆವು.

ಹತ್ತು ದಿನಕ್ಕೆ ಚುಕ್ಕೆ.

ಚುಕ್ಕೆಯನ್ನು ಕತ್ತರಿಸಿ ನೋಡಿದಾಗ

ಈ ಪ್ರಕರಣದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎನ್ನಬಹುದು, ಅದೂ ತಡವಾಗಿ. ಮೊದಲ ವಾರ ಪೂರ್ತಿ ಊಹೆಯಲ್ಲೇ ಹೋಯಿತು. ಒಬ್ಬರು ರೆಸಿನ್ ಲಾಟ್ ಕೆಟ್ಟಿದೆ ಎಂದರು. ಇನ್ನೊಬ್ಬರು ಕರಗು ಸೋಸುವ ಜಾಲರಿ ಬದಲಿಸಿ ಎಂದರು. ಜಾಲರಿ ಬದಲಿಸಿದೆವು, ಎರಡು ಗಂಟೆ ಕಡಿಮೆಯಾಯಿತು, ಮತ್ತೆ ಬಂತು. ಜೆಲ್ ಎಂಬುದು, ಅಂದರೆ ಕರಗಿನಲ್ಲಿ ಬೆರೆಯದೆ ಉಳಿದು ಚುಕ್ಕೆಯಾಗುವ ಪಾಲಿಮರ್ ಗಂಟು, ಒತ್ತಡಕ್ಕೆ ಚಪ್ಪಟೆಯಾಗಿ ಜಾಲರಿಯ ಕಣ್ಣಿನಲ್ಲಿ ನುಸುಳಿ ಆಚೆ ಮತ್ತೆ ಗುಂಡಗಾಗಬಲ್ಲದು. ಕಲ್ಲನ್ನು ತಡೆಯುವ ಜಾಲರಿ ಜೆಲ್ಲನ್ನು ತಡೆಯುತ್ತದೆ ಎಂಬ ಭರವಸೆ ಇಲ್ಲ.

ಎರಡನೇ ವಾರ ಒಂದು ಚಿಕ್ಕ ಬ್ಲೇಡು, ಬೆಳಕಿನ ಮೇಜು, ಬಿಸಿ ಮಾಡಬಹುದಾದ ತಟ್ಟೆ ಇರುವ ಮೈಕ್ರೋಸ್ಕೋಪು ತೆಗೆದುಕೊಂಡು ಕೂತೆವು. ಐವತ್ತು ಚುಕ್ಕೆಗಳನ್ನು ಒಂದೊಂದಾಗಿ ಕತ್ತರಿಸಿ ಗಾಜಿನ ಮೇಲಿಟ್ಟು ಬಿಸಿ ಮಾಡಿ ನೋಡಿದೆವು. ಬೇಸರದ ಕೆಲಸ. ಆದರೆ ಒಂದು ಮಧ್ಯಾಹ್ನದಲ್ಲಿ ಒಂದು ವಾರದ ವಾದ ಮುಗಿಯಿತು.

ನೋಡುವ ಕ್ರಮ ಹೀಗೆ. ಬ್ಯೂಟೀನ್ ಎಲ್‌ಎಲ್‌ಡಿಪಿಇ ಸುಮಾರು 122ರಿಂದ 124 ಡಿಗ್ರಿಗೆ ಕರಗುತ್ತದೆ. ಸುತ್ತಲಿನ ಫಿಲ್ಮ್ ಕರಗಿದ ಮೇಲೂ ಚುಕ್ಕೆ ಹಾಗೇ ಗಟ್ಟಿಯಾಗಿ ಉಳಿದರೆ, ಸೂಜಿಯಿಂದ ಒತ್ತಿದಾಗ ರಬ್ಬರಿನಂತೆ ಹಿಂದಕ್ಕೆ ಬಂದರೆ, ಅದು ಬಲೆಯಾಗಿ ಹೆಣೆದುಕೊಂಡ ಪಾಲಿಮರ್, ಅಂದರೆ ಕ್ರಾಸ್‌ಲಿಂಕ್ ಆದದ್ದು. ಸುತ್ತಲಿನದರ ಜೊತೆ ಕರಗಿ ಮಾಯವಾಗಿ, ತಣ್ಣಗಾದಾಗ ಅದೇ ಜಾಗದಲ್ಲಿ ಮತ್ತೆ ಕಾಣಿಸಿದರೆ, ಅದು ಬಹಳ ಉದ್ದ ಸರಪಳಿಯ, ಸರಿಯಾಗಿ ಬೆರೆಯದ ಪಾಲಿಮರ್. ಕರಗಿ ಹೋಗಿ ಮತ್ತೆ ಬಾರದಿದ್ದರೆ, ಬ್ಯಾರೆಲ್ಲಿನಲ್ಲಿ ಪೂರ್ತಿ ಕರಗದೆ ಬಂದ ಕಾಳಿನ ಚೂರು. ಕರಗದೆಯೂ ಹಿಗ್ಗದೆಯೂ ಇದ್ದರೆ ಹೊರಗಿನ ವಸ್ತು.

ನಮ್ಮ ಐವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೆಯ ಜಾತಿ. ತುಸು ಹಳದಿ. ಅತಿನೇರಳೆ ದೀಪದಡಿ ಹೊಳೆಯುತ್ತಿದ್ದವು. ಇದು ಆಕ್ಸಿಜನ್ ತಗುಲಿ ಕೆಟ್ಟದ್ದರ ಗುರುತು. ಒಂದೆರಡನ್ನು ಇನ್ಫ್ರಾರೆಡ್ ಪರೀಕ್ಷೆಗೆ ಕಳಿಸಿದೆವು. 1715 ತರಂಗಸಂಖ್ಯೆಯ ಸುತ್ತ ಕಾರ್ಬೊನಿಲ್ ಪಟ್ಟಿ (ಆಕ್ಸಿಜನ್ ಸೇರಿದ್ದರ ಗುರುತು) ಎದ್ದು ಕಾಣುತ್ತಿತ್ತು. ಅನುಮಾನವೇ ಉಳಿಯಲಿಲ್ಲ.

ಎರಡನೇ ಗುಂಪು ಅಚ್ಚರಿ ತಂದಿತು. ನಡುವೆ ಬಿಳಿ ಕಣ, ಸುತ್ತ ತಿಳಿ ಉಂಗುರ. ಬಿಳಿ ಕಣ ಏನು ಮಾಡಿದರೂ ಕರಗಲಿಲ್ಲ. ಅದು ಸಿಲಿಕಾದ ಗಂಟು, ಆಂಟಿಬ್ಲಾಕ್ ಸರಿಯಾಗಿ ಹರಡದೆ ಉಳಿದದ್ದು. ಮಾಸ್ಟರ್‌ಬ್ಯಾಚಿನ ವಾಹಕ ರೆಸಿನ್ ನಮ್ಮ ಮುಖ್ಯ ರೆಸಿನ್‌ಗಿಂತ ಮಂದವಾಗಿತ್ತು. ಗಟ್ಟಿ ಬೆಣ್ಣೆಯನ್ನು ತೆಳು ಮಜ್ಜಿಗೆಯಲ್ಲಿ ಕಲಸಲು ಹೊರಟ ಹಾಗೆ. ವಾಹಕ ಯಾವಾಗಲೂ ಮುಖ್ಯ ರೆಸಿನ್‌ಗಿಂತ ಸಲೀಸಾಗಿ ಹರಿಯಬೇಕು, ಅಂದರೆ ಮೆಲ್ಟ್ ಇಂಡೆಕ್ಸ್ ಹೆಚ್ಚಿರಬೇಕು. 1 ಭಾಗ ಹಾಕುತ್ತಿದ್ದಾಗ ಈ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಪಟ್ಟು ಮಾಡಿದಾಗ ಬಿತ್ತು.

ಮೂರನೆಯದು ನಾಲ್ಕೈದು ಚುಕ್ಕೆ ಮಾತ್ರ: ಹತ್ತಿ ನೂಲು. ಕಾಳು ಸುರಿಯುವ ಹಾಪರ್ ಒರೆಸುವ ಬಟ್ಟೆಯದು. ರೆಸಿಪಿಗೂ ಇದಕ್ಕೂ ಸಂಬಂಧವಿಲ್ಲ. ಬಟ್ಟೆ ಬದಲಿಸಿದೆವು, ಅಷ್ಟೇ. ಆದರೆ ಇದನ್ನೂ ಜೆಲ್ ಎಂದು ಎಣಿಸಿಕೊಂಡೇ ನಾವು ರೆಸಿನ್ ಸರಬರಾಜುದಾರರಿಗೆ ಪತ್ರ ಬರೆದಿದ್ದೆವು. ಸ್ವಲ್ಪ ನಾಚಿಕೆಯ ವಿಷಯ.

ಪಾಲಿಥೀನ್ ಕೆಡುವ ರೀತಿ

ಪಾಲಿಪ್ರೊಪಿಲೀನ್ ಬಿಸಿಗೆ ಕೆಟ್ಟರೆ ಸರಪಳಿ ತುಂಡಾಗುತ್ತದೆ, ಕರಗು ತೆಳುವಾಗುತ್ತದೆ. ಪಾಲಿಥೀನ್ ಹೆಚ್ಚಾಗಿ ಇದಕ್ಕೆ ಉಲ್ಟಾ. ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಕರಗು ಮಂದವಾಗುತ್ತದೆ. ಬ್ಯಾರೆಲ್ಲಿನ ಮೂಲೆ, ಅಡಾಪ್ಟರಿನ ತಿರುವು, ಡೈನ ಸುರುಳಿ ಕಾಲುವೆಯ ಅಂಚು, ಹೀಗೆ ಎಲ್ಲೆಲ್ಲಿ ಹರಿವು ನಿಧಾನವೋ ಅಲ್ಲೆಲ್ಲ ಒಂದು ಪದರ ಗಂಟೆಗಟ್ಟಲೆ ಕೂತು ಬೇಯುತ್ತದೆ. ಒಂದು ದಿನ ಕಳಚಿಕೊಂಡು ಫಿಲ್ಮಿಗೆ ಬರುತ್ತದೆ. ಹಾಗಾಗಿಯೇ ಬಿಸಿ ಏರಿಸಿದ ದಿನ ಚುಕ್ಕೆ ಬರಲಿಲ್ಲ, ಹತ್ತು ದಿನ ಬಿಟ್ಟು ಬಂತು. ಈ ಅಂತರವೇ ನಮ್ಮನ್ನು ದಾರಿ ತಪ್ಪಿಸಿದ್ದು.

ಇದಕ್ಕೆ ತಡೆಯಾಗಿ ರೆಸಿನ್ ತಯಾರಕರೇ ಆಂಟಿಆಕ್ಸಿಡೆಂಟ್ ಹಾಕಿರುತ್ತಾರೆ. ಎರಡು ಜಾತಿಯವು ಜೋಡಿಯಾಗಿ ಇರುತ್ತವೆ. ಫಾಸ್ಫೈಟ್ ಜಾತಿಯದು ಕರಗಿದ ಸ್ಥಿತಿಯಲ್ಲಿ ಪೆರಾಕ್ಸೈಡ್‌ಗಳನ್ನು ಹಿಡಿದು ನಿರುಪದ್ರವಿ ಮಾಡುತ್ತದೆ, ಆ ಕೆಲಸದಲ್ಲಿ ತಾನು ಮುಗಿದು ಹೋಗುತ್ತದೆ. ಫಿನಾಲ್ ಜಾತಿಯದು ಸರಪಳಿಯ ಮೇಲಿನ ರ್ಯಾಡಿಕಲ್‌ಗಳನ್ನು ತಣ್ಣಗಾಗಿಸುತ್ತದೆ. ಒಂದು ಸಲ ಕರಗಿಸಿ ಫಿಲ್ಮ್ ಮಾಡುವುದಕ್ಕೆ ಇವು ಸಾಕು. ಎರಡು, ಮೂರು ಸಲ ಕರಗಿಸಿದರೆ?

ನಮ್ಮಲ್ಲಿ ಅಂಚಿನ ಟ್ರಿಮ್ (ಕತ್ತರಿಸಿ ತೆಗೆದ ಫಿಲ್ಮ್ ಚೂರು) ವಾಪಸ್ ಹಾಪರ್‌ಗೆ ಹೋಗುತ್ತಿತ್ತು, ಒಟ್ಟು ಮಾಲಿನ ಹತ್ತನೇ ಒಂದು ಪಾಲು. ಈ ಟ್ರಿಮ್ ಆಗಲೇ ಒಮ್ಮೆ 225 ಡಿಗ್ರಿ ಕಂಡದ್ದು. ಅದರ ಫಾಸ್ಫೈಟ್ ಬಹುಪಾಲು ಖರ್ಚಾಗಿರುತ್ತದೆ. ಅದು ಮತ್ತೆ ಒಳಗೆ ಹೋಗಿ, ಮತ್ತೆ ಟ್ರಿಮ್ ಆಗಿ, ಮತ್ತೆ ಒಳಗೆ. ಜೊತೆಗೆ ಅದರಲ್ಲಿ ಈಗಾಗಲೇ ಇದ್ದ ಜೆಲ್ಲೂ ಸುತ್ತುತ್ತಿತ್ತು. ಆಕ್ಸಿಡೇಶನ್ ತಡೆಯುವ ಸಮಯವನ್ನು ಅಳೆಯುವ ಪರೀಕ್ಷೆಯಲ್ಲಿ ಹೊಸ ರೆಸಿನ್‌ಗೂ ಟ್ರಿಮ್‌ಗೂ ಅಜಗಜಾಂತರ ಕಂಡಿತು.

ಪಿಪಿಎಯನ್ನು ತಿಂದವರು ಯಾರು

ಚುಕ್ಕೆ ಬಿಸಿಯಿಂದ ಬಂತು, ಸರಿ. ಬಿಸಿ ಏರಿಸಿದ್ದು ತರಿಗೆ. ಹಾಗಾದರೆ 500 ಪಿಪಿಎಂ ಪಿಪಿಎ ಇದ್ದೂ ತರಿ ಬಂದದ್ದು ಯಾಕೆ? ಓಟ ಹೆಚ್ಚಾದದ್ದರಿಂದ ಎಂಬುದು ಎಲ್ಲರ ಉತ್ತರ. ಅದನ್ನು ಸುಮ್ನೆ ಒಪ್ಪಿಕೊಳ್ಳದೆ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು.

ಲೈನನ್ನು ಚೆನ್ನಾಗಿ ಪರ್ಜ್ ಮಾಡಿದೆವು, ಅಂದರೆ ಒಳಗಿದ್ದ ಹಳೆಯ ಮಾಲನ್ನೆಲ್ಲ ಹೊರಹಾಕಿದೆವು. ಬಿಸಿಯನ್ನು ಮತ್ತೆ 200ಕ್ಕೆ ಇಳಿಸಿದೆವು. ಗಂಟೆಗೆ 120 ಕಿಲೋ ಓಟ, ಆಂಟಿಬ್ಲಾಕ್ ಸೊನ್ನೆ, ಪಿಪಿಎ 500 ಪಿಪಿಎಂ. ಶುರುವಿನಲ್ಲಿ ಪೂರ್ತಿ ತರಿ ಇತ್ತು. ಆಮೇಲೆ ನುಣುಪಾದ ಪಟ್ಟಿಗಳು ಕಾಣಿಸಿ, ಅಗಲವಾಗುತ್ತಾ ಬಂದು, ಒಂದು ಗಂಟೆಯೊಳಗೆ ಫಿಲ್ಮ್ ಪೂರ್ತಿ ಕನ್ನಡಿ. ಡೈ ಗೋಡೆಗೆ ಲೇಪ ಕೂರುವುದನ್ನು ಕಣ್ಣಾರೆ ನೋಡುವುದು ಎಂದರೆ ಇದೇ. ಅಂದರೆ 120 ಕಿಲೋಗೂ 500 ಪಿಪಿಎಂ ಸಾಕು.

ಬೇರೇನೂ ಮುಟ್ಟದೆ ಆಂಟಿಬ್ಲಾಕ್ 3 ಭಾಗ ಹಾಕಿದೆವು. ಶಿಫ್ಟ್ ಮುಗಿಯುವ ಮೊದಲೇ ತರಿ ವಾಪಸ್.

ಸಿಲಿಕಾ ಇಲ್ಲಿ ಎರಡು ಕಡೆಯಿಂದ ತೊಂದರೆ ಕೊಡುತ್ತದೆ. ಅದು ಸ್ಪಂಜಿನಂತೆ ರಂಧ್ರಗಳಿರುವ ವಸ್ತು. ಒಂದು ಗ್ರಾಮಿನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಇರಬಹುದು. ಪಿಪಿಎ ಹನಿಗಳು ಡೈ ಗೋಡೆಯನ್ನು ತಲುಪುವ ಮೊದಲೇ ಈ ಮೇಲ್ಮೈಗೆ ಅಂಟಿಕೊಂಡು ಫಿಲ್ಮಿನ ಜೊತೆ ಹೊರಗೆ ಹೋಗುತ್ತವೆ. ಇನ್ನೊಂದು, ಸಿಲಿಕಾ ಗಟ್ಟಿ ವಸ್ತು. ಕೂತ ಲೇಪವನ್ನೂ ಉಜ್ಜಿ ಕಿತ್ತುಹಾಕುತ್ತದೆ. ನಾವು ಆಂಟಿಬ್ಲಾಕ್ ಮೂರು ಪಟ್ಟು ಮಾಡಿದ ದಿನವೇ ಪಿಪಿಎಯನ್ನು ಅರಿವಿಲ್ಲದೆ ಕಡಿಮೆ ಮಾಡಿದ್ದೆವು. ರೆಸಿಪಿ ಹಾಳೆಯಲ್ಲಿ ಮಾತ್ರ ಅದು 500 ಪಿಪಿಎಂ ಎಂದೇ ಇತ್ತು.

ಇದಾದ ಮೇಲೆ ಮೂರು ದಾರಿ ನೋಡಿದೆವು.

ಪಿಪಿಎಯನ್ನೇ 1000 ಪಿಪಿಎಂಗೆ ಏರಿಸಿದೆವು. ತರಿ ಹೋಯಿತು. ಆದರೆ ಡೈ ತುಟಿಯಲ್ಲಿ ಕಸ ಕಟ್ಟುವುದು ಜಾಸ್ತಿಯಾಯಿತು. ಕಂದು ಗಡ್ಡದಂತೆ ಬೆಳೆದು, ಫಿಲ್ಮಿನ ಮೇಲೆ ಉದ್ದ ಗೀರು ಎಳೆಯುತ್ತಿತ್ತು. ಒಂದು ದೋಷ ಕೊಟ್ಟು ಇನ್ನೊಂದು ತರುವ ಆಟ ಆಗಲೇ ಸಾಕಾಗಿತ್ತು.

ಮಾಸ್ಟರ್‌ಬ್ಯಾಚ್ ಮಾರುವವರೊಬ್ಬರು ಸ್ಲಿಪ್, ಆಂಟಿಬ್ಲಾಕ್, ಪಿಪಿಎ ಮೂರೂ ಒಂದೇ ಕಾಳಿನಲ್ಲಿರುವ ಮಾಲು ತೋರಿಸಿದರು. ಒಂದೇ ಫೀಡರ್ ಸಾಕು, ಕೆಲಸ ಸಲೀಸು ಎಂದರು. ಓಡಿಸಿದಾಗ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ ಬಂದದ್ದು ಇದರಲ್ಲೇ. ಯಾಕೆಂದು ಈಗ ಊಹಿಸಬಹುದು, ಅಲ್ವಾ? ಬೇಟೆ ಮತ್ತು ಬೇಟೆಗಾರ ಎರಡನ್ನೂ ಒಂದೇ ಬೋನಿನಲ್ಲಿ ಹಾಕಿ ಕಳಿಸಿದಂತೆ. ಪಿಪಿಎ ನಮ್ಮ ಬ್ಯಾರೆಲ್ ಮುಟ್ಟುವ ಮೊದಲೇ, ಮಾಸ್ಟರ್‌ಬ್ಯಾಚ್ ತಯಾರಾಗುವಾಗಲೇ ಸಿಲಿಕಾಗೆ ಅಂಟಿತ್ತು.

ಮೂರನೆಯದು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪಿಇಜಿ ಸೇರಿಸಿದ ಪಿಪಿಎ. ಪಿಇಜಿಗೆ ಸಿಲಿಕಾ ಎಂದರೆ ಬಹಳ ಒಲವು. ಅದು ಮೊದಲೇ ಹೋಗಿ ಸಿಲಿಕಾದ ಮೇಲ್ಮೈ ಆವರಿಸುತ್ತದೆ, ಫ್ಲೋರೋಪಾಲಿಮರ್‌ಗೆ ಅಲ್ಲಿ ಜಾಗವಿರುವುದಿಲ್ಲ. ಇದರ ಇನ್ನೊಂದು ಕೆಲಸ ನನಗೆ ಹೆಚ್ಚು ಇಷ್ಟವಾದದ್ದು. ಪಿಇಜಿ ಫ್ಲೋರೋಪಾಲಿಮರ್ ಹನಿಯ ಸುತ್ತ ಪೊರೆಯಂತೆ ಕೂತು, ಸ್ಕ್ರೂವಿನ ಉಜ್ಜಾಟದಲ್ಲಿ ಹನಿ ಚೂರಾಗದಂತೆ ಕಾಯುತ್ತದೆ. ಡೈ ಗೋಡೆಗೆ ಬೇಗ ಲೇಪ ಕೂರಿಸುವುದು ಎರಡು ಮೈಕ್ರಾನ್‌ನಷ್ಟು ದೊಡ್ಡ ಹನಿಗಳು. ಪುಡಿಪುಡಿಯಾದ ಹನಿಗಳಿಗೆ ಆ ಶಕ್ತಿ ಕಡಿಮೆ. ಯಾವ ಮಾಸ್ಟರ್‌ಬ್ಯಾಚ್ ಬಗ್ಗೆಯೂ ನಾವು "ಎಷ್ಟು ನುಣ್ಣಗೆ ಬೆರೆತರೆ ಅಷ್ಟು ಒಳ್ಳೆಯದು" ಎನ್ನುತ್ತೇವೆ. ಪಿಪಿಎಗೆ ಆ ಮಾತು ಹೊಂದುವುದಿಲ್ಲ.

500 ಪಿಪಿಎಂನಲ್ಲೇ ತರಿ ಹೋಯಿತು. ಆದರೆ ಪಿಇಜಿ ಬಿಸಿಗೆ ಬೇಗ ಕೆಡುತ್ತದೆ. 225ರಲ್ಲಿ ಇದನ್ನು ನಂಬುವಂತಿರಲಿಲ್ಲ. ಹಾಗಾಗಿ ಬಿಸಿ ಇಳಿಸುವುದು ಈಗ ಚುಕ್ಕೆಗೂ ಬೇಕು, ತರಿಗೂ ಬೇಕು. ಎರಡು ದೋಷಗಳು ಮೊದಲ ಬಾರಿ ಒಂದೇ ದಿಕ್ಕಿಗೆ ಎಳೆದವು.

ರೆಸಿಪಿ ಎಲ್ಲಿಗೆ ಬಂದು ನಿಂತಿತು

ಆಂಟಿಬ್ಲಾಕ್ 3000 ಪಿಪಿಎಂ ನಿಜವಾಗಿ ಬೇಕಿತ್ತೇ ಎಂದು ಮತ್ತೆ ನೋಡಿದೆವು. ಬೇಕಿರಲಿಲ್ಲ. ಅಂಟುವ ಪರೀಕ್ಷೆಯನ್ನು ಫಿಲ್ಮ್ ತೆಗೆದ ದಿನವೇ ಮಾಡಿ ಹೆದರಿದ್ದೆವು. ಸ್ಲಿಪ್‌ನಲ್ಲಿರುವ ಎರುಕಮೈಡ್ ಒಳಗಿನಿಂದ ಮೇಲ್ಮೈಗೆ ಬರಲು ಒಂದೆರಡು ದಿನ ಬೇಕು. ಎರಡು ದಿನ ಕಾದು ಪರೀಕ್ಷಿಸಿದರೆ 2000 ಪಿಪಿಎಂ ಸಾಕಾಗುತ್ತಿತ್ತು. ಟಾಲ್ಕ್ ಬಳಸಬಹುದಿತ್ತು, ಅದು ಮೃದು, ಪಿಪಿಎಯನ್ನು ಅಷ್ಟು ತಿನ್ನುವುದಿಲ್ಲ. ಆದರೆ ಈ ಫಿಲ್ಮಿಗೆ ಬೇಕಾದ ತಿಳಿತನ ಅದರಲ್ಲಿ ಸಿಗಲಿಲ್ಲ. ಮೇಲ್ಮೈ ಸಂಸ್ಕರಿಸಿದ ಸಿಲಿಕಾ, ಸಲೀಸಾಗಿ ಹರಿಯುವ ವಾಹಕದಲ್ಲಿ ತರಿಸಿಕೊಂಡೆವು. ಬಿಳಿ ಕಣದ ಚುಕ್ಕೆಗಳು ಅಲ್ಲಿಗೆ ನಿಂತವು.

ಎಲ್‌ಡಿಪಿಇ 15ರಿಂದ 25ಕ್ಕೆ ಏರಿಸಿ ನೋಡಿದೆವು. ಒತ್ತಡ, ಮೋಟಾರಿನ ಭಾರ ಎರಡೂ ಇಳಿದವು. ಉಜ್ಜಿದಷ್ಟೂ ತೆಳುವಾಗುವ ಗುಣ ಎಲ್‌ಡಿಪಿಇಗೆ ಹೆಚ್ಚು. ಆದರೆ ಫಿಲ್ಮ್ ಉದ್ದಕ್ಕೆ ಸುಲಭವಾಗಿ ಸೀಳತೊಡಗಿತು, ಬಡಿತ ತಡೆಯುವ ಶಕ್ತಿಯೂ ಕುಸಿಯಿತು. 20ಕ್ಕೆ ನಿಲ್ಲಿಸಿದೆವು. ಇದು ರಾಜಿ ಎಂದು ಒಪ್ಪಿಕೊಳ್ಳುತ್ತೇನೆ. ಡೈ ಸಂದು ಅಗಲ ಮಾಡಿಸುವುದೇ ಸರಿಯಾದ ದಾರಿ, ಅದು ಇನ್ನೂ ಆಗಿಲ್ಲ.

ಫಿನಾಲ್ ಮತ್ತು ಫಾಸ್ಫೈಟ್ ಜೋಡಿಯ ಆಂಟಿಆಕ್ಸಿಡೆಂಟ್ ಮಾಸ್ಟರ್‌ಬ್ಯಾಚ್ 1.5 ಭಾಗ ಸೇರಿತು. ಫಿನಾಲ್ ಅತಿಯಾದರೆ ಗೋದಾಮಿನಲ್ಲಿ ಫಿಲ್ಮ್ ಗುಲಾಬಿ ಅಥವಾ ಹಳದಿ ಬಣ್ಣಕ್ಕೆ ತಿರುಗಬಹುದು, ಅದರಲ್ಲೂ ಡೀಸೆಲ್ ಫೋರ್ಕ್‌ಲಿಫ್ಟ್ ಹೊಗೆ ಇದ್ದಲ್ಲಿ. ಹಾಗಾಗಿ ಫಾಸ್ಫೈಟ್ ಪಾಲು ಹೆಚ್ಚಿಟ್ಟೆವು. ಕೆಟ್ಟ ವಾರಗಳ ಟ್ರಿಮ್ ಅಷ್ಟನ್ನೂ ಪಕ್ಕಕ್ಕೆ ಹಾಕಿದೆವು. ಅದು ಕೈಗೆ ಬಂದದ್ದನ್ನು ಬಿಟ್ಟಂತೆ ಅನ್ನಿಸಿ ಸ್ವಲ್ಪ ವಾದವೂ ಆಯಿತು. ಆದರೆ ಅದನ್ನು ಒಳಗೆ ಬಿಟ್ಟಿದ್ದರೆ ಜೆಲ್ ತಿಂಗಳುಗಟ್ಟಲೆ ಸುತ್ತುತ್ತಿತ್ತು.

ಕೊನೆಯ ಲೆಕ್ಕ: ಎಲ್‌ಎಲ್‌ಡಿಪಿಇ 72, ಎಲ್‌ಡಿಪಿಇ 20, ಪಿಇಜಿ ಇರುವ ಪಿಪಿಎ 2.5, ಆಂಟಿಬ್ಲಾಕ್ 2, ಸ್ಲಿಪ್ 2, ಆಂಟಿಆಕ್ಸಿಡೆಂಟ್ 1.5. ಬಿಸಿ 200 ಡಿಗ್ರಿ. ಓಟ 120 ಕಿಲೋ. ಪಿಪಿಎಗೆ ಬೇರೆಯೇ ಫೀಡರ್.

ಎಣಿಕೆಯನ್ನು ಒಂದೇ ಮೇಜು, ಒಂದೇ ಬೆಳಕು, ಒಂದೇ ಅಳತೆಯ ತುಂಡು, ಒಬ್ಬರೇ ವ್ಯಕ್ತಿ ಎಂಬ ಕಟ್ಟಳೆಯಲ್ಲಿ ಮಾಡಿದೆವು. ಚುಕ್ಕೆ ಎಣಿಸುವುದು ಮನುಷ್ಯರಿಂದ ಮನುಷ್ಯರಿಗೆ ವಿಪರೀತ ಬದಲಾಗುತ್ತದೆ. ಕೆಟ್ಟ ವಾರದಲ್ಲಿ ಎಣಿಸಲು ಬೇಸರವಾಗಿ ಅಂದಾಜು ಬರೆಯುತ್ತಿದ್ದರು. ಹೊಸ ರೆಸಿಪಿಯಲ್ಲಿ ಒಂದು ತುಂಡಿಗೆ ಒಂದೋ ಎರಡೋ, ಎಷ್ಟೋ ತುಂಡಿನಲ್ಲಿ ಏನೂ ಇಲ್ಲ. ಆದರೆ ಇದು ರಾತ್ರೋರಾತ್ರಿ ಆಗಲಿಲ್ಲ. ರೆಸಿಪಿ ಬದಲಿಸಿದ ಮೇಲೂ ಒಂದು ವಾರ ಹಳೆಯ ಜೆಲ್ ಕಳಚಿ ಬರುತ್ತಲೇ ಇತ್ತು. ಆ ವಾರದಲ್ಲಿ "ಇದೂ ಕೆಲಸ ಮಾಡುತ್ತಿಲ್ಲ" ಎಂದು ಇನ್ನೊಂದು ಬದಲಾವಣೆ ಮಾಡದೆ ಕೈ ಕಟ್ಟಿ ಕೂತದ್ದೇ ದೊಡ್ಡ ಕಷ್ಟ.

ಉಳಿದಿರುವುದು

ಫ್ಲೋರೋಪಾಲಿಮರ್ ಪಿಪಿಎಗೆ ದಿನ ಹತ್ತಿರವಾಗಿದೆ. ಯುರೋಪಿಯನ್ ಒಕ್ಕೂಟದ ಪ್ಯಾಕೇಜಿಂಗ್ ನಿಯಮ 2025/40ರಲ್ಲಿ ಆಹಾರಕ್ಕೆ ತಾಗುವ ಪ್ಯಾಕಿಂಗ್‌ಗೆ 2026ರ ಆಗಸ್ಟ್ 12ರಿಂದ ಪಿಎಫ್‌ಎಎಸ್ (ಫ್ಲೋರಿನ್ ಇರುವ ಸಂಯುಕ್ತಗಳ ಒಂದು ಗುಂಪು) ಮಿತಿಗಳಿವೆ. ಪಾಲಿಮರ್ ರೂಪದವನ್ನೂ ಸೇರಿಸಿ 50 ಪಿಪಿಎಂ ಎಂಬುದು ಅವುಗಳಲ್ಲಿ ಒಂದು. ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಈ ಜಾತಿಯ ಫ್ಲೋರೋಪಾಲಿಮರ್ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಫ್ಲೋರಿನ್. 500 ಪಿಪಿಎಂ ಹಾಕಿದರೆ ಫಿಲ್ಮಿನಲ್ಲಿ ಫ್ಲೋರಿನ್ ಒಂದೇ 330ರ ಹತ್ತಿರ. ಪಿಇಜಿ ಪಾಲನ್ನು ಕಳೆದರೂ ಮಿತಿಯ ಹತ್ತಿರಕ್ಕೂ ಇಳಿಯುವುದಿಲ್ಲ. ಸ್ವಲ್ಪ ಕಡಿಮೆ ಮಾಡಿ ತಪ್ಪಿಸಿಕೊಳ್ಳುವ ಮಾತಲ್ಲ ಇದು.

ಫ್ಲೋರಿನ್ ಇಲ್ಲದ ಎರಡು ಬಗೆಯ ಪಿಪಿಎ ತರಿಸಿದ್ದೇವೆ. ಒಂದನ್ನು ಓಡಿಸಿಯಾಗಿದೆ. ತರಿ ಹೋಯಿತು, ಆದರೆ ಹೆಚ್ಚು ಪ್ರಮಾಣ ಬೇಕಾಯಿತು, ಲೇಪ ಕೂರಲೂ ಹೆಚ್ಚು ಹೊತ್ತು ಹಿಡಿಯಿತು. ಈ ಸಲ ಪರೀಕ್ಷೆ ಶುರು ಮಾಡಿದ್ದು ಆಂಟಿಬ್ಲಾಕ್ ಹಾಕಿಯೇ. ಫಿಲ್ಮಿಗೆ ಬೆಸುಗೆ ಹತ್ತುತ್ತದೆಯೇ, ಮುದ್ರಣ ಹಿಡಿಯುತ್ತದೆಯೇ ಎಂಬುದನ್ನು ಇನ್ನೂ ನೋಡಬೇಕು.

ರಜೆ ಮುಗಿಸಿ ಮಷೀನು ಶುರು ಮಾಡಿದ ಬೆಳಿಗ್ಗೆ ಮೊದಲ ರೋಲಿನಲ್ಲಿ ಚುಕ್ಕೆ ಈಗಲೂ ಬರುತ್ತದೆ. ನಿಲ್ಲಿಸುವ ಮೊದಲು ಆಂಟಿಆಕ್ಸಿಡೆಂಟ್ ಹೆಚ್ಚಿರುವ ಎಲ್‌ಡಿಪಿಇ ತುಂಬಿಸಿ, ಬಿಸಿ ಇಳಿಸಿ ಆಫ್ ಮಾಡಿದ ವಾರ ಕಡಿಮೆ ಬರುತ್ತದೆ. ಅವಸರದಲ್ಲಿ ಹಾಗೇ ಬಿಟ್ಟು ಹೋದ ವಾರ ಜಾಸ್ತಿ. ಯಾವ ವಾರ ಯಾರು ಹಾಗೇ ಬಿಟ್ಟು ಹೋದರು ಎಂಬುದು ಆ ಮೊದಲ ರೋಲು ನೋಡಿದರೆ ಗೊತ್ತಾಗುತ್ತದೆ.